ಹನ್ನೆರಡನೆಯವನ ಲೆಕ್ಕ

ನಾನು ಆಡಲಿಲ್ಲ. ಪಂಪು ಹೊತ್ತೆ.
ತುಮಕೂರು ಕಾಲೇಜಿನ ಹನ್ನೊಂದು ಹುಡುಗರು,
ಒಂದು ಚೆಂಡು, ಒಂದೇ ಜೊತೆ ಬೂಟು:
ಬಲಗಾಲಿನದು ಗುಬ್ಬಿ ತೋಂಟದಾರ್ಯನಿಗೆ,
ಎಡಗಾಲಿನದು ಸಿರಾದ ಗಫಾರನಿಗೆ,
ಮಿಕ್ಕವರಿಗೆ ಹುಟ್ಟಿದಾಗಿನ ಕಾಲು.

ಅಮಾನಿಕೆರೆ ಒಣಗಿದ ಅಂಚಿನಲ್ಲಿ
ಎಮ್ಮೆಗಳನ್ನು ಅಟ್ಟಿ ಬಿದಿರು ನೆಟ್ಟೆವು.
ಮೇಲೆ ಅಡ್ಡಕ್ಕೆ ಬಾವಿ ಹಗ್ಗ;
ದೀಪ ಹಚ್ಚುವುದರೊಳಗೆ ವಾಪಸ್ಸು ಕೊಡಬೇಕು,
ಬಸಲಿಂಗಮ್ಮ ನೀರು ಸೇದಬೇಕಲ್ಲ.
ಆಷಾಢದ ಗಾಳಿ ಪಡುವಣದಿಂದ ಬಂದರೆ
ಒದ್ದ ಚೆಂಡು ನಿಲ್ಲದೆ
ದೇವರಾಯನದುರ್ಗಕ್ಕೆ ಹರಕೆ ಹೊತ್ತಂತೆ ಓಡುವುದು.
ಹಿಂದೆ ನಾನು.

ಸಂಪತ್ತು ಅಯ್ಯಂಗಾರಿ ತಲೆಯಲ್ಲೇ ಆಡುವವನು.
ಹಿತ್ತಲ ಬಾಗಿಲಲ್ಲಿ ಅವನ ತಾಯಿ, ಕೊಡ, ಚೊಂಬು:
ಚರ್ಮ ಕಾಲಿಗೆ ತಗುಲಿದರೆ ಕಾಲಿಗೆ ನೀರು,
ತಲೆಗೆ ತಗುಲಿದರೆ ತಲೆಗೆ.
ಬರಿಯ ಕಾಲಿಗೆ ನೀರು ಕೇಳಿದ ಸಂಜೆ
ಆಕೆ ಫಲಿತಾಂಶ ಕೇಳುತ್ತಿರಲಿಲ್ಲ,
ಒಂದು ಸೌಟು ಹುಳಿ ಜಾಸ್ತಿ ಬಡಿಸುವಳಂತೆ.

ಚಿಕ್ಕಬಳ್ಳಾಪುರದವರೊಡನೆ ಸಮಸಮ;
ಚೆಂಡು ಬಾವಿಗೆ ಬಿದ್ದು ಕತ್ತಲಾಯಿತು.
ಬೆಂಗಳೂರಿನಲ್ಲಿ ಏಳು ತಿಂದೆವು,
ಆಮೇಲೆ ಅವರೇ ಕೊಟ್ಟ ಕೋಡುಬಳೆಯನ್ನೂ.
ಮಧುಗಿರಿಯಲ್ಲಿ ಗೆದ್ದೆವು. ನೋಡಿದವರು ಯಾರೂ ಇಲ್ಲ.

ಕೊನೆಗೆ ಬೌರಿಂಗ್‌ಪೇಟೆಯಲ್ಲಿ ರೈಲು ಬದಲಿಸಿ
ಚಿನ್ನದ ಗಣಿಗೆ.
ಪಾಳಿ ಮುಗಿಸಿ ಮೇಲೆ ಬಂದವರು ಅವರು,
ಬಿಸಿಲಿಗೆ ಇನ್ನೂ ಕಣ್ಣು ಒಗ್ಗದವರು,
ಆದರೂ ಅರ್ಧ ಗಂಟೆಯಲ್ಲಿ ಮೂರು.
ಆಗ ಗಣಿಯ ಸಿಳ್ಳು ಕೂಗಿತು.
ಅವರ ಗೋಲಿ ಅಭ್ಯಾಸಬಲದಿಂದ ಕತ್ತು ಹೊರಳಿಸಿದ,
ಸಂಪತ್ತು ಎಗರಿದ.

ಕೈ ತಗುಲಿತು, ಅಂದ ರೆಫರಿ.
ತೋಂಟದಾರ್ಯ ಮಾತಾಡಲಿಲ್ಲ, ಚೆಂಡು ತಂದು ತೋರಿಸಿದ:
ಬೆವರಿಗೆ ಕರಗಿದ ಶ್ರೀಚೂರ್ಣ,
ಚರ್ಮದ ಮೇಲೆ ನೆಟ್ಟಗೆ ಕೆಂಪು ಗೀಟು.
ಎಲ್ಲರಿಗಿಂತ ಮೊದಲು ನಕ್ಕವನು ಆ ಗೋಲಿಯೇ:
‘ಅಯ್ಯೋ, ನಮ್ಗೇ ನಾಮ ಹಾಕ್ಬಿಟ್ನಲ್ಲಪ್ಪಾ!’

ನಾಲ್ಕು, ಒಂದು. ಸೋತೆವು.
ರೈಲಿನಲ್ಲಿ ಆ ಒಂದನ್ನೇ
ಹನ್ನೊಂದು ಜನ ಹನ್ನೊಂದು ಥರ ಹೇಳಿದರು.
ಸಂಪತ್ತು ಕಿಟಕಿಗೆ ಹಣೆ ಒತ್ತಿ ಮಲಗಿದ್ದ.

ಮಾರನೆಯ ದಿನ, ಮಂಡಿಪೇಟೆ ಹಿಂದಿನ ಗಲ್ಲಿ.
ಬಿರಿದ ಹೊಲಿಗೆ ದೊಡ್ಡೀರಯ್ಯನ ಮಡಿಲಲ್ಲಿ.
ಈ ಚೆಂಡು ಮೊದಲು ಹೊಲಿದವನೂ ಅವನೇ.
ಅವನಿಗೆ ಕೊಡುವ ಕಾಸನ್ನು ಮೇಲಿಂದ ಹಾಕುವುದು
ನಮಗೆಲ್ಲ ರೂಢಿ; ಆವತ್ತು ನಾನೂ ಹಾಗೇ ಹಾಕಿದೆ.
‘ಇದ್ಯಾರ ಹಣೆ ಸೋಮಿ?’
ಹೇಳಿದೆ.
ದಾರಕ್ಕೆ ಮೇಣ ಎಳೆದ. ಏನೂ ಅನ್ನಲಿಲ್ಲ.
ಗೀಟನ್ನು ಒರೆಸದೆ, ಅದರ ಪಕ್ಕದಲ್ಲೇ
ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದ.
ಮುಗಿದ ಮೇಲೆ ಆ ಕೆಂಪಿನ ಮೇಲೆಯೇ
ಹೆಬ್ಬೆರಳಿಟ್ಟು ಒತ್ತಿದ, ಗಾಳಿ ನೋಡಲು.

‘ಸಾಲ್ದು,’ ಅಂದ.
ನಾನು ಪಂಪು ಎತ್ತಿಕೊಂಡೆ.