ಬಾಗಿಲ ಪಕ್ಕದ ಸ್ಟೂಲು

ಏಳೂವರೆ ರೈಲು ಇನ್ನೂ ಬಂದಿಲ್ಲ, ಕುಂತ್ಕೊ ಇಂಚರಾ,
ಮಂಡ್ಯದ ಈ ಕಲ್ಲುಬೆಂಚಿನ ಮೇಲೆ.
ಫೈಲು ತೊಡೆ ಮೇಲಿರ್ಲಿ. ಟೀ ಬ್ಯಾಡ,
ಚೂಡಿದಾರಕ್ಕೆ ಚೆಲ್ಲಿದ್ರೆ
ದಿನವೆಲ್ಲಾ ಆ ಕಲೆ ಮುಚ್ಕೊಳೋದೇ ಕೆಲಸ ಆಯ್ತದೆ.

ಇಪ್ಪತ್ತಾರು ವರ್ಷ ನಾನು ಕುಂತಿದ್ದು
ಕಾರ್ಖಾನೆ ಆಫೀಸಲ್ಲಿ, ಬಾಗಿಲ ಪಕ್ಕದ ಸ್ಟೂಲ ಮೇಲೆ.
ಹೆಸರು ಕೂಗೋನು. ಒಳಗೆ ಬಿಡೋನು.
ಒಳಗಿದ್ದೋರು ಸರ್ಟಿಫಿಕೇಟು ನೋಡೋರು,
ನಾನು ಚಪ್ಪಲಿ ನೋಡೋನು, ಹಿಮ್ಮಡಿ ನೋಡೋನು,
ಕರ್ಚೀಫು ಎಷ್ಟು ಸಲ ಹಿಂಡ್ತಾರೆ ಅಂತ ಎಣಿಸೋನು.

ಒಬ್ಬ ಬಂದಿದ್ದ, ಮದ್ದೂರು ಕಡೆಯೋನು, ಕೆಮಿಸ್ಟು.
ಬಸ್ಸು ಕೆಟ್ಟೋಯ್ತು ಸಾರ್ ಅಂದ. ಪಾಪ, ನಿಜ.
ಆದ್ರೆ ಆ ಬಸ್ಸಿನ ಕತೇನೇ ಹೇಳ್ದ ಹೇಳ್ದ,
ಟೈರು, ಜಾಕು, ಕಂಡಕ್ಟರ್ ಬೈಗುಳ.
ಸಕ್ಕರೆ ಮಾತು ಬರೋ ಹೊತ್ಗೆ ಊಟದ ಸೈರನ್ ಕೂಗ್ತು.
ತಡ ಆದ್ರೆ ಒಂದೇ ಮಾತು: ತಪ್ಪಾಯ್ತು.
ಆಮೇಲೆ ಮುಂದಕ್ಕೋಗು.

ಇನ್ನೊಬ್ಬ, ಟೈ ಕಟ್ಟಿದ್ದೋನು,
ಹಳೇ ಸಾಹೇಬನ್ನ ಕಳ್ಳ ಅಂದ.
ಮೂವರೂ ನಕ್ಕರು, ನಂಗೂ ಕೇಳಿಸ್ತು ನಗು.
ನನ್ ಕೈಲೇ ಬಿಸ್ಕತ್ತು ಕೊಡ್ಸಿದ್ರು.
ಅಂವ ಮೆಟ್ಟಿಲಿಳಿದ ಮ್ಯಾಲೆ ದೊಡ್ಡ ಸಾಹೇಬ್ರು ಅಂದ್ರು:
ನಾಳೆ ನಮ್ಮ ಹೆಸರನ್ನೂ ಹಿಂಗೇ ಎಲ್ಲೋ ಒಣಗಾಕ್ತಾನೆ.

ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು.
ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕ್ತೀವಿ ಅಂದಿದ್ದಕ್ಕೆ
ಬೆಳ್ಳಗಾಗ್ಲಿ ಅಂತ ಸಾರ್, ಅಂದೋನೊಬ್ಬನಿದ್ದ.
ಹೋಗಿ ಗೋಡೆಗೆ ಬಳಿಯಪ್ಪ ಅಂದ್ರು.

ಫೋನು ಆಫ್ ಮಾಡು. ಸೈಲೆಂಟ್ ಅಲ್ಲ, ಆಫು.
ಮೇಜಿನ ಮ್ಯಾಲೆ ಗುರ್ರ್ ಅಂತ ತೆವಳ್ಕೊಂಡು ಹೋಗಿ
ಸಾಹೇಬ್ರ ಕನ್ನಡಕಕ್ಕೆ ಗುದ್ದಿದ್ದು ನೋಡಿವ್ನಿ.

ಸಂಬಳ ಮೊದ್ಲೇ ಕೇಳ್ಬ್ಯಾಡ. ಕೇಳ್ದೇನೂ ಬರ್ಬ್ಯಾಡ.
ಮೆತ್ತಗೆ, ಕೊಟ್ಟಷ್ಟು ಕೊಡಿ, ಅಂದ ಹುಡುಗೀಗೆ
ಕೊಟ್ಟಷ್ಟೇ ಕೊಟ್ರು, ಒಂಬತ್ತು ವರ್ಷ.

ಇದೆಲ್ಲಾ ತಪ್ಪನ್ನೂ ಒಟ್ಗೇ ಮಾಡ್ದೋನು
ಒಬ್ಬ ಸೋಮವಾರ ಕೆಲಸಕ್ಕೇ ಬಂದ.
ಅವನ ಚಿಕ್ಕಮಾವ ಯಾರು ಅಂತ ಆಮೇಲೆ ಗೊತ್ತಾಯ್ತು.
ಅದನ್ನ ಕಲಿಯೋಕಾಗಲ್ಲ, ಬಿಡು.

ಮತ್ತೆ, ನಿಮ್ಮ ಬಗ್ಗೆ ಹೇಳಿ ಅಂದ್ರೆ
ಅಪ್ಪನಿಂದ ಶುರು ಮಾಡ್ಬ್ಯಾಡ.
ನಮ್ಮಪ್ಪ ಗೂಡ್ಸ್ ಆಟೊ ಓಡಿಸ್ತಾರೆ, ನಮ್ದು ಕಷ್ಟದ ಮನೆ,
ಇವೆಲ್ಲಾ ಬ್ಯಾಡ.
ಮೈಸೂರಿನ ಹೆಬ್ಬಾಳದಲ್ಲಿ ಕುಂತಿರೋ ಊದುಬತ್ತಿಯೋರು
ಹತ್ತು ಗಂಟೆಗೆ ಮುಂಚೇನೇ ನಾಕು ಮನೆ ಕಷ್ಟ ಕೇಳಿರ್ತಾರೆ.
ನೀನು ಲ್ಯಾಬಲ್ಲಿ ಏನು ಮಾಡ್ದೆ ಅದನ್ನ ಹೇಳು.
ನಿನ್ನ ಮೂಗಿನ ಮಾತು ಹೇಳು,
ಹಾಲು ಒಡೆಯೋದು ಹಿಂದಿನ ರಾತ್ರೀನೇ ತಿಳಿಯೋ ಮೂಗು.

ಯಾಕವ್ವ ನಗ್ತೀಯ?
ಏನಂದೆ, ನಿಮ್ ಇಂಟರ್ವ್ಯೂ ಹೆಂಗಾಯ್ತು ದೊಡ್ಡಪ್ಪ ಅಂತಲಾ?

ನಂದು ಆಗ್ಲೇ ಇಲ್ಲ.
ನಿಮ್ಮ ತಾತ ಬಾಯ್ಲರ್ ಮನೇಲಿ ಬಿದ್ದ ಹದಿನೇಳನೇ ದಿನಕ್ಕೆ
ಮರಣಪತ್ರದ ಎರಡು ನಕಲು, ಒಂದು ಫೋಟೊ.
ದೊಡ್ಡಮಗ ಯಾರು ಅಂದ್ರು. ಕೈ ಎತ್ತಿದೆ.
ಅಷ್ಟೇ. ಯಾರೂ ಏನೂ ಕೇಳ್ಲಿಲ್ಲ.
ನಿಮ್ಮಪ್ಪ ಆಚೆ ಗೇಟಲ್ಲಿ
ನನ್ನ ಸೈಕಲ್ ಹಿಡ್ಕೊಂಡು ನಿಂತಿದ್ದ,
ಲೆಕ್ಕದಲ್ಲಿ ನನಗಿಂತ ಜಾಣ.

ಹೂಂ, ಕೇಳು ಮತ್ತೆ. ರೈಲು ಬರೋಗಂಟ ನೀನೇ ಸಾಹೇಬ್ರು.
ಏನು? ನಿಮ್ಮ ಬಗ್ಗೆ ಹೇಳಿ, ಅದೇನಾ?

ಬೋರಲಿಂಗ ಅಂತ, ಮೇಡಂ.
ನಮ್ಮಪ್ಪ...

ನೋಡ್ದಾ.
ಏಳು, ಸಿಗ್ನಲ್ ಬಿತ್ತು.
ಸರ್ಟಿಫಿಕೇಟು ಮಡಚ್ಬ್ಯಾಡ.