ಬಡಬಾಗ್ನಿ ಇದೆ, ಬಂಗಡೆ ಇಲ್ಲ

ತದಡಿ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ
ರಾತ್ರಿ ಪಾಳಿ ನನ್ನದು.
ಗುಡುಗುವ ಕಂಪ್ರೆಸರ್, ಮೂಗಿಗಡರುವ ಅಮೋನಿಯಾ.
ಲೋಡಿನ ಲೆಕ್ಕ ಬರೆದಿಟ್ಟು ಎರಡು ಗಂಟೆಗೆ
ಕುಮಟೆ ಲೈಬ್ರರಿಯ ಹಳಗನ್ನಡ ಬಿಚ್ಚುತ್ತೇನೆ.
ತೊಡೆಯ ಮೇಲೆ ಅರ್ಥಕೋಶ.
ಮುಳ್ಳು ಬಿಡಿಸಿ ಮೀನು ತಿಂದ ಹಾಗೆ,
ನಿಧಾನ.

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಬೇಕಂತೆ,
ಅದರಲ್ಲಿ ಕಡಲೂ ಒಂದು.
ಓದಿದೆ.
ಮುತ್ತಿದೆ, ಹವಳವಿದೆ, ಮೊಸಳೆ ಕೂಡ ಇದೆ,
ಬಡಬಾಗ್ನಿ ಇದೆ,
ಬಂಗಡೆ ಇಲ್ಲ.
ಈ ಕವಿ ಕಡಲು ಕಂಡವನಲ್ಲ.
ಯಾವುದೋ ಬಯಲುಸೀಮೆಯ ಅರಮನೆಯಲ್ಲಿ ಕೂತು
ಇನ್ನೊಬ್ಬ ಕವಿಯ ಕಡಲಿನಿಂದ
ಕೊಡ ತುಂಬಿಕೊಂಡವನು.

ಅಂದಿದ್ದಕ್ಕೆ ಶ್ರೀಪಾದ ಶಾನಭಾಗ ಮಾಸ್ತರರು ಸಿಟ್ಟಾದರು:
"ಮಹಾಕವಿಯನ್ನು ಮೀನುಪೇಟೆ ತಕ್ಕಡಿಯಲ್ಲಿ ತೂಗಬೇಡ."
ಯಾಕೆ ತೂಗಬಾರದು?
ಅದೇನು ಅಂಥ ಮೋಸದ ತಕ್ಕಡಿಯಲ್ಲ,
ಐವತ್ತು ಗ್ರಾಂ ಹೆಚ್ಚುಕಮ್ಮಿ.
ಮಾಸ್ತರರ ಗಾಜಿನ ಕಪಾಟಿನಲ್ಲಿ
ಒಂದು ಪುಸ್ತಕದ ಬೆನ್ನೂ ಸವೆದಿಲ್ಲ, ನೋಡಿದ್ದೇನೆ.

ಲೈಬ್ರರಿ ಪ್ರತಿಯ ಹಿಂದಿನ ಚೀಟಿಯಲ್ಲಿ
ನನಗಿಂತ ಮುಂಚೆ ಒಂದೇ ಹೆಸರು:
ಜಟ್ಟಿ ಬೀರಪ್ಪ ಹರಿಕಂತ್ರ. ಎಂಬತ್ತೇಳರ ಜುಲೈ.
ಬಂದರಿನ ಮೂಲೆಯಲ್ಲಿ ಬಲೆ ರಿಪೇರಿ ಮಾಡುವ ಜಟ್ಟಣ್ಣ!
ಕೇಳಿದೆ. ಸೂಜಿ ನಿಲ್ಲಿಸದೆ ಹೇಳಿದ:
"ಮಳೆಗಾಲ. ದೋಣಿ ಮೇಲೆ ಎಳೆದಿತ್ತು. ಅರ್ಧ ಓದ್ದೆ.
ಅದ್ರಲ್ಲಿ ಯುದ್ಧ ಶುರುವಾಗೂದಕ್ಕೂ
ಇಲ್ಲಿ ಕಸುಬು ಶುರುವಾಗೂದಕ್ಕೂ ಸರಿ ಆಯ್ತು.
ಒಂದು ಜಾಗ ನೆನಪದೆ ಮಾರಾಯಾ,
ಮಗ ಸತ್ತ ಸುದ್ದಿ ಬತ್ತದಲಾ,
ಆ ಮುದುಕಿ ಎಂತದೂ ಹೇಳೂದಿಲ್ಲ,
ದೀಪದ ಬತ್ತಿ ಸರಿಮಾಡ್ತದೆ."

ಆ ಜಾಗ ನಾನು ಕಂಡೇ ಇರಲಿಲ್ಲ.
ಕಡಲಿನ ಸಿಟ್ಟಿಗೆ
ಮುಂದಿನ ಎಂಟು ಹತ್ತು ಪದ್ಯ ಹಾರಿಸಿದ್ದೆ.

ಇನ್ನು ಹಾರಿಸುವುದಿಲ್ಲ ಅಂದರೆ ಸುಳ್ಳಾಗುತ್ತದೆ.
ವಸಂತಕಾಲ ಬಂತೆಂದರೆ ಈಗಲೂ ಚಹಾಕ್ಕೆ ಏಳುತ್ತೇನೆ.
ಪಟ್ಟಣದ ಬೀದಿಗಳನ್ನು ಆನೆಗಳ ಸಮೇತ
ಒಂದೇ ಬೆರಳಲ್ಲಿ ತಿರುವಿಬಿಡುತ್ತೇನೆ.
ಬಿಟ್ಟಲ್ಲಿ ಮಾತ್ರ ಒಂದು ಐಸ್ ರಸೀದಿ ಸಿಕ್ಕಿಸಿಡುತ್ತೇನೆ,
ಒಳಗೆ ಯಾರಾದರೂ ಕೂತಿದ್ದರೆ?
ಪುಸ್ತಕವೀಗ ರಸೀದಿ ತುಂಬಿ ಉಬ್ಬಿದೆ,
ಲೈಬ್ರರಿಯ ಸುಮಿತ್ರಾ ಗುನಗಿ ಬೈಯುವುದು ಖಂಡಿತ.

ನಿನ್ನೆ ಬೆಳಗಿನ ಜಾವ ಹುಡುಕಿದೆ.
ಸಿಕ್ಕಿತು. ಒಂದೂವರೆ ಸಾಲು, ಅಷ್ಟೇ.
ಎರಡು ಸಲ ಓದಿದೆ, ಮೂರನೆಯ ಸಲ ಬಾಯಿಬಿಟ್ಟು;
ಕಂಪ್ರೆಸರ್ ಸದ್ದಿಗೆ ನನಗೇ ಕೇಳಿಸಲಿಲ್ಲ.
ಅಂಚಿನಲ್ಲಿ, ಕಾಗದಕ್ಕೆ ಒಣಗಿ ಹತ್ತಿಕೊಂಡ
ಒಂದು ಮೀನಿನ ಹುರುಪೆ.
ದೀಪಕ್ಕೆ ಹಿಡಿದು ನೋಡಿದೆ.
ಬಂಗಡೆಯದಲ್ಲ.
ತಾರ್ಲೆಯದು.