ನಂಬರ್ ಏರಿದರೆ

ಅಪ್ಪನ ಲೆಕ್ಕದಲ್ಲಿ ನಂಬರ್ ಏರಿದರೆ ನೂಲು ಸಣ್ಣ.
ಇಪ್ಪತ್ತು ದಪ್ಪ, ನಲವತ್ತು ತೆಳು, ಎಂಬತ್ತು ಬರೀ ಉಸಿರು.
ಮೂವತ್ತೊಂದು ವರ್ಷ ರಿಂಗ್‌ಫ್ರೇಮಿನ ಮುಂದೆ ನಿಂತ ಹಾಲಪ್ಪ
ನನ್ನ ತಂತಿಯ ಪೊಟ್ಟಣ ಮೂಗಿನ ಹತ್ತಿರ ಹಿಡಿದು
‘ಒಂಬತ್ತು’ ಅಂತ ಓದಿ,
ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿ
‘ಸುಳ್ಳು ಬರ್ದಾರೆ’ ಅಂದ.
‘ಒಂಬತ್ತು ಅಂದ್ರೆ ಹಗ್ಗ. ಇದು ಕೂದಲು.’

ಗಿಟಾರಿನಲ್ಲಿ ಲೆಕ್ಕ ತಿರುಗುಮುರುಗು ಅಪ್ಪಾ,
ಒಂಬತ್ತು ಸಣ್ಣ, ಹನ್ನೊಂದು ದಪ್ಪ.
ಅವನಿಗೆ ಕೇಳಿಸಲಿಲ್ಲ.
ಮಿಲ್ಲು ಮುಚ್ಚಿತು. ಅದರ ಗದ್ದಲ ಒಯ್ದ ಸಣ್ಣ ದನಿಗಳನ್ನು
ಯಾರೂ ವಾಪಸ್ ಕೊಡಲಿಲ್ಲ.

ಒಂಬತ್ತರ ತಂತಿ, ಅದನ್ನೂ ಫ್ರೆಟ್ಟಿಗೆ ಅಂಟುವಷ್ಟು ಇಳಿಸಿಕೊಂಡಿದ್ದೆ.
ಬೆರಳು ಸೋಕಿದರೆ ಸ್ವರ. ಓಡಿದ್ದೇ ಓಡಿದ್ದು.
ಭಟ್ಟಿಯ ಕಾದ ಮರಳಿಗೆ ಬಿದ್ದ ಅಕ್ಕಿಯ ಹಾಗೆ
ಚಟಪಟ ಅರಳುತ್ತಿದ್ದವು,
ತೂಕವಿರಲಿಲ್ಲ.

ಹದಡಿ ರಸ್ತೆಯ ಛತ್ರದಲ್ಲಿ ಆರತಕ್ಷತೆ.
ಹದಿನೈದನೇ ಮನೆಯಲ್ಲಿ ಒಂದು ಸ್ವರವನ್ನು ಮೇಲಕ್ಕೆ ತಳ್ಳಿದೆ,
ತಂತಿ ಮುಂದಿನ ಫ್ರೆಟ್ಟಿಗೆ ತಗುಲಿ
ಅರ್ಧಕ್ಕೇ ಸತ್ತಿತು, ಗಂಟಲು ಹಿಡಿದ ಹಾಗೆ.
ಕೀಬೋರ್ಡಿನ ಸನಾವುಲ್ಲಾ ತಿರುಗಿ ನೋಡಿದ.
ಬೇರೆ ಯಾರೂ ನೋಡಲಿಲ್ಲ, ಅದು ಇನ್ನೂ ಕೆಟ್ಟದ್ದು.
ಊಟದ ಸಾಲು ಉದ್ದವಿತ್ತು.

ಚೌಕಿಪೇಟೆಯ ಸಂದಿಯಲ್ಲಿ ಮೌನೇಶಾಚಾರಿ
ಬೋರ್‌ವೆಲ್ ಮೋಟರಿಗೆ ತಾಮ್ರ ಸುತ್ತುತ್ತಾನೆ,
ಬಿಡುವಿದ್ದರೆ ಗಿಟಾರಿನ ಪಿಕಪ್ಪಿಗೂ.
(ಅಲ್ಲೂ ನಂಬರ್ ಏರಿದರೆ ತಂತಿ ಸಣ್ಣ. ಅಪ್ಪನ ಪಕ್ಷ.)
ಆಂಪಿಗೆ ಹಾಕದೆ ಒಂದೊಂದೇ ಮೀಟಿದ. ಜರ್ರ್. ಜರ್ರ್.
‘ತಂತಿಗೆ ಜಾಗನೇ ಕೊಟ್ಟಿಲ್ಲವಲ್ಲೇ.
ತಲೆ ತಾಗೋ ಅಟ್ಟದಾಗ ಯಾರು ಕುಣೀತಾರೆ?’

ಹನ್ನೊಂದು ಹಾಕಿದ. ಅದರ ಜಗ್ಗಿಗೆ ಕತ್ತು ಬಾಗಿತು.
ಒಳಗಿನ ಸಲಾಕೆಯನ್ನು ಕಾಲು ಸುತ್ತು ಬಿಗಿದು
‘ಉಳಿದದ್ದು ನಾಳೆ. ಮರಕ್ಕೆ ಒಂದ್ ರಾತ್ರಿ ಬೇಕು’ ಅಂದ.
ಏಪ್ರಿಲ್ಲು. ಊರಿನ ಬಾಗಿಲುಗಳೆಲ್ಲ
ಚೌಕಟ್ಟಿನಿಂದ ಬಿಟ್ಟುಕೊಳ್ಳುವ ಹೊತ್ತು.
ಮಾರನೇ ದಿನ ತಂತಿಯಡಿ ಉಕ್ಕಿನ ಅಲಗು ತೂರಿಸಿ ಅಳೆದ:
ಹನ್ನೆರಡನೇ ಮನೆಯಲ್ಲಿ ಎರಡು ಮಿಲಿಮೀಟರು,
ಹಳದಿ ಐದು ರೂಪಾಯಿ ನಾಣ್ಯ ನುಸುಳುವಷ್ಟು.

ಮೀಟಿದೆ.
ಮಂಡಕ್ಕಿಯಲ್ಲ, ರೊಟ್ಟಿ.
ನಾನು ಉಸಿರು ಬಿಟ್ಟು ಮತ್ತೆ ಎಳೆದುಕೊಂಡರೂ
ಅದು ಇನ್ನೂ ಅಲ್ಲೇ ಇತ್ತು.

ಬೆರಳ ಮಾತು ಬೇರೆ.
ಮೂರನೇ ಮನೆಯಲ್ಲಿ ಸ್ವರ ಎಳೆಯಲು ಭುಜದಿಂದ ಬಲ ತರಬೇಕು,
ಒತ್ತುವ ದೂರ ಹೆಚ್ಚಿ ಶ್ರುತಿ ತುಸು ಮೇಲಕ್ಕೇ ಜಾರುತ್ತದೆ.
ಎಂಟು ದಿನ ತಡೆದೆ. ತುದಿಗಳು ಹಪ್ಪಳದ ಹಾಗೆ ಎದ್ದವು.
ಹತ್ತಕ್ಕೆ ಇಳಿದೆ, ಎತ್ತರವನ್ನೂ ತಿರುಪಿನ ಅರ್ಧ ಸುತ್ತು.
ನಾಚಿಕೆ ಏನಿಲ್ಲ.

ಒಂದು ಜರ್ರ್ ಉಳಿದಿದೆ, ದಪ್ಪ ತಂತಿಯ ಐದನೇ ಮನೆಯಲ್ಲಿ.
ಆಂಪಿಗೆ ಹಾಕಿದರೆ ಇಲ್ಲ,
ಬರೀ ಮರಕ್ಕೆ ಕಿವಿ ಕೊಟ್ಟರೆ ಇದೆ.
ತೆಗೀಬಹುದು, ಅಂದಿದ್ದ ಮೌನೇಶಾಚಾರಿ,
ತೆಗೆದರೆ ಕೈಗೆ ಭಾರ ಆಗ್ತೈತೆ.

ನಿನ್ನೆ ಸಂಜೆ ಕರೆಂಟು ಹೋಗಿತ್ತು.
ಕಟ್ಟೆ ಮೇಲೆ ಕೂತು ಹಾಗೇ ನುಡಿಸುತ್ತಿದ್ದೆ.
ಅಪ್ಪ ಬಂದು ಗಿಟಾರಿನ ಬೆನ್ನಿಗೆ ಅಂಗೈ ಇಟ್ಟ,
ಓಡುವ ಸ್ಪಿಂಡಲ್ಲಿನ ಜ್ವರ ನೋಡುತ್ತಿದ್ದ ಹಾಗೆ.
ಬಹಳ ಹೊತ್ತು.
‘ಒಂದು ಎಳೆ ತಾಗ್ತೈತೆ ಎಲ್ಲೋ’ ಅಂದ.
ಹೌದಪ್ಪಾ, ಗಟ್ಟಿಯಾಗಿ ಅಂದೆ, ಬೇಕಂತಲೇ ಬಿಟ್ಟೀವಿ.
‘ಇರ್ಲಿ ಬಿಡು.’ ಕಿವಿ ಮುಟ್ಟಿಕೊಂಡ.
‘ಇಲ್ಲೂ ಒಂದೈತೆ. ಮಿಲ್ಲಿಂದು.’

ಕೈ ತೆಗೆಯಲಿಲ್ಲ.
ಆಮೇಲೆ ಕೇಳಿದ:
‘ಹತ್ತು ಅಂದ್ರೆ, ಒಂಬತ್ತಕ್ಕಿಂತ ಸಣ್ಣ ಅಲ್ವಾ?’